ಎರಡನೆಯ ಸಲ ಯಾರೂ ಕೇಳಲಿಲ್ಲ

ಕಾಯುವುದಕ್ಕೂ ದರ್ಜೆಗಳಿವೆ ಎಂಬುದನ್ನು ನೀವು ಗಮನಿಸಿರಬಹುದು. ಸಿಂದಗಿಯ ಬಸ್ ನಿಲ್ದಾಣದಲ್ಲಿ ಕಲಬುರಗಿಯ ಬಸ್ಸಿಗೆ ಕಾಯುವವರಲ್ಲಿ ಕಲ್ಲಿನ ಕಟ್ಟೆಯ ಮೇಲೆ ಕೂತವರದು ಒಂದು ದರ್ಜೆ, ತಮ್ಮ ಗಂಟಿನ ಮೇಲೆಯೇ ಕೂತವರದು ಇನ್ನೊಂದು, ಕಂಬಕ್ಕೆ ಒರಗಿ ನಿಂತವರದು ಮತ್ತೊಂದು. ಕಂಟ್ರೋಲರ್ ಸಾಹೇಬರ ಪರಿಚಯವಿದ್ದು ಅವರ ಕೋಣೆಯ ಫ್ಯಾನಿನ ಕೆಳಗೆ ಕುರ್ಚಿ ಗಿಟ್ಟಿಸಿಕೊಂಡವರು ಎಲ್ಲರಿಗಿಂತ ಮೇಲು. ಬಸ್ಸು ಎಲ್ಲರಿಗೂ ಒಂದೇ, ಅದು ತಡವಾಗುವುದೂ ಎಲ್ಲರಿಗೂ ಒಂದೇ. ಆದರೂ ಕಂಬಕ್ಕೆ ಒರಗಿದವನು ಬಸ್ಸಿನ ದಾರಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಆ ಕೋಣೆಯ ಫ್ಯಾನನ್ನು ನೋಡುತ್ತಿರುತ್ತಾನೆ. ಫ್ಯಾನು ತಿರುಗಿದಷ್ಟೂ ಅವನಿಗೆ ಸೆಕೆ ಹೆಚ್ಚುತ್ತದೆ.

ನಾನು ಇಂಥದನ್ನೆಲ್ಲ ದೂರದಿಂದ ನೋಡಿ ನಗುವವಳು ಎಂದು ಇಷ್ಟು ವರ್ಷ ತಿಳಿದಿದ್ದೆ. ನರ್ಸಿಂಗ್ ಹಾಸ್ಟೆಲಿನಲ್ಲಿ ಬೆಳೆದ ಜೀವ ನನ್ನದು. ಗಂಟೆ ಬಾರಿಸಿದಾಗ ಏಳುವುದು, ಗಂಟೆ ಬಾರಿಸಿದಾಗ ಉಣ್ಣುವುದು, ಹಾಸಿಗೆಯ ಚಾದರಿನ ಮೂಲೆಯನ್ನು ಲಕೋಟೆಯ ಬಾಯಿಯಂತೆ ಮಡಚುವುದು, ಮಡಚಿದ್ದು ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಮಡಚುವುದು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸರಕಾರಿ ಆಸ್ಪತ್ರೆಗಳನ್ನು ಸುತ್ತಿ, ಕಡೆಗೆ ಸಿಂದಗಿಯಲ್ಲಿ ಮೇಟ್ರನ್ ಆಗಿ ನಿವೃತ್ತಳಾಗಿ ಅಲ್ಲಿಯೇ ನೆಲೆಸಿದ ಮೇಲೂ ಆ ಗಂಟೆ ನನ್ನ ತಲೆಯೊಳಗೆ ಬಾರಿಸುತ್ತಲೇ ಇದೆ. ಶಿಸ್ತಿನಿಂದ ಬದುಕುವವರಿಗೆ ಮತ್ಸರಪಡಲು ಬಿಡುವು ಸಿಕ್ಕುವುದಿಲ್ಲ ಎಂಬುದು ನನ್ನ ಸಿದ್ಧಾಂತವಾಗಿತ್ತು. ಹೋದ ಚಳಿಗಾಲದಲ್ಲಿ, ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ, ಬಿಸಿನೆಸ್ ಕ್ಲಾಸಿನವರು ಕೂತು ಕಾಯುವ ಲಾಂಜು ಎಂಬ ತಣ್ಣನೆಯ ಕೋಣೆಯಲ್ಲಿ ನನಗೆ ಬೇಕಾದಷ್ಟು ಬಿಡುವು ಸಿಕ್ಕಿತು.

ಅಲ್ಲಿಗೆ ನಾನು ಹೋದದ್ದು ನನ್ನ ಯೋಗ್ಯತೆಯಿಂದಲ್ಲ, ಬೀಗತಿಯ ಕೃಪೆಯಿಂದ. ಅದನ್ನು ವಿವರಿಸಬೇಕು.

ನನ್ನ ಮಗಳು ಸುಜಾತಾ ಇರುವುದು ದಿಲ್ಲಿಯಲ್ಲಿ. ಅಳಿಯ ಮಲ್ಲಿಕಾರ್ಜುನ ಬ್ಯಾಂಕಿನ ಅಧಿಕಾರಿ, ವರ್ಗವಾಗಿ ಅಲ್ಲಿಗೆ ಹೋದವನು. ಮಗಳದು ಚೊಚ್ಚಲ ಬಸಿರು. ಚೊಚ್ಚಲ ಬಾಣಂತನ ತವರುಮನೆಯದು ಎಂಬುದು ನಮ್ಮ ಕಡೆ ಯಾರೂ ಬರೆದಿಡದ, ಯಾರೂ ಮೀರದ ಕಾನೂನು. ಆದರೆ ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಮಗಳು ತವರಿಗೆ ಬರುವ ಬದಲು ತವರೇ ಗಂಟುಮೂಟೆ ಕಟ್ಟಿಕೊಂಡು ಮಗಳ ಕಡೆಗೆ ಹೊರಡಬೇಕಾಯಿತು. ತವರು ಎಂದರೆ ನಾನೊಬ್ಬಳೇ; ನನ್ನ ಯಜಮಾನರು ತೀರಿಹೋಗಿ ಬಹಳ ಕಾಲವಾಗಿದೆ. ನಾನು ಸಂತೋಷದಿಂದಲೇ ಬಾಣಂತಿಗೆಂದು ಅಂಟಿನುಂಡಿ ಕಟ್ಟಿದೆ, ಹಳೆಯ ಸೀರೆಗಳನ್ನು ಹರಿದು ಮೆತ್ತನೆಯ ಕೌದಿ ಹೊಲಿದೆ, ಕೂಸಿನ ಕುಂಚಿಗೆಗೆ ಅಂಚು ಹಚ್ಚಿದೆ.

ಈ ಸಂತೋಷದ ಬುಡದಲ್ಲಿ ಒಂದು ಹಳೆಯ ಆಸೆಯಿತ್ತು. ಹುಟ್ಟಿದ ಕೂಸನ್ನು ಒರೆಸಿ, ತೂಗಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಹೆರಿಗೆ ಕೋಣೆಯ ಬಾಗಿಲಲ್ಲಿ ಕಾಯುತ್ತ ನಿಂತ ಅಜ್ಜಿಯ ಕೈಗೆ ಕೊಡುವುದು ನನ್ನ ಆಯುಷ್ಯದ ಕೆಲಸವಾಗಿತ್ತು. ಕೊಟ್ಟ ಕೂಡಲೆ ಆ ಅಜ್ಜಿಗೆ ನಾನು ಕಾಣದವಳಾಗುತ್ತಿದ್ದೆ. ಅವಳು ಅದನ್ನು ಮನೆಗೆ ಒಯ್ದು, ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಲೋಬಾನದ ಹೊಗೆ ಹಾಕಿ ಮಲಗಿಸುವ ಸುಖವನ್ನು ನಾನು ಕಲ್ಪಿಸಿಕೊಳ್ಳುತ್ತಲೇ ಮುಂದಿನ ಹೆರಿಗೆಗೆ ಕೈ ತೊಳೆಯುತ್ತಿದ್ದೆ. ನನ್ನ ಮಗಳಿಗಾದರೂ ನಾನು ಎರೆದೆನೆ? ಇಲ್ಲ, ನಾನು ಡ್ಯೂಟಿಯಲ್ಲಿದ್ದೆ, ಎರೆದವಳು ನನ್ನ ತಾಯಿ. ಹಾಗಾಗಿ ಈ ಕೂಸಿಗೆ ಮೊದಲ ನೀರು ನನ್ನ ಕಾಲ ಮೇಲೆಯೇ ಬೀಳಬೇಕು ಎಂದು ನಾನು ಯಾರನ್ನೂ ಕೇಳದೆ ನಿಶ್ಚಯಿಸಿಕೊಂಡಿದ್ದೆ.

ಅಷ್ಟರಲ್ಲಿ ಮಗಳ ಫೋನು ಬಂತು. ನನ್ನ ಜೊತೆ ಅವಳ ಅತ್ತೆ ನೀಲವ್ವನವರೂ ಬರುತ್ತಾರೆ, ಇಬ್ಬರಿಗೂ ಒಂದೇ ವಿಮಾನದಲ್ಲಿ ಟಿಕೆಟ್ ಆಗಿದೆ ಎಂದಳು. ಒಳ್ಳೆಯದು, ದಾರಿಗೆ ಜೊತೆಯಾಯಿತು ಎಂದೆ. ಬಾಯಿಂದ ಅಂದೆ, ಮನಸ್ಸು ಇನ್ನೂ ವಿಚಾರ ಮಾಡುತ್ತಿತ್ತು. ಆಮೇಲೆ ಅವಳು ದನಿ ಸಣ್ಣದು ಮಾಡಿ, "ಅವ್ವಾ, ಅತ್ತಿಯವರ ಮೊಣಕಾಲು ಭಾಳ ನೂಸಾಕತ್ತಾವು. ಅದಕ್ಕ ಇವರು ಅವರಿಗೆ ಮುಂದಿನ ದೊಡ್ಡ ಸೀಟು ಮಾಡ್ಯಾರ. ನಿನಗ ಹಿಂದ, ಕಿಡಕಿ ಬಾಜೂಕ" ಎಂದಳು.

"ಮೊಣಕಾಲು ನನಗೂ ಅದಾವು" ಎಂದೆ.

"ನಿನ್ನವು ಗಟ್ಟಿ ಅದಾವವ್ವ. ದಿನಾ ಮುಂಜಾನೆ ವಾಕಿಂಗ್ ಹೋಗ್ತಿ."

ದಿನವೂ ಬೆಳಕು ಹರಿಯುವ ಮೊದಲೆದ್ದು ನಡೆದದ್ದಕ್ಕೆ ಸಿಕ್ಕ ಬಹುಮಾನ ಇದು. ಇಷ್ಟು ವರ್ಷ ಸೋಮಾರಿಯಾಗಿ ಮಲಗಿದ್ದರೆ ನನಗೂ ದೊಡ್ಡ ಸೀಟು ಸಿಕ್ಕುತ್ತಿತ್ತೇನೋ. ಅಳಿಯ ತನ್ನ ತಾಯಿಗೆ ಮಾಡಿದ್ದು ತಪ್ಪಲ್ಲ, ಮಗನಾದವನು ಮಾಡಬೇಕಾದದ್ದೇ. ಈ ವಾಕ್ಯವನ್ನು ಅಂದಿನಿಂದ ಹೊರಡುವ ದಿನದವರೆಗೆ ನಾನು ನನಗೆ ಎಷ್ಟು ಸಲ ಹೇಳಿಕೊಂಡೆನೆಂದರೆ, ಅದು ಸವೆದು ಅರ್ಥ ಕಳೆದುಕೊಂಡಿತು. ಮತ್ಸರವೂ ಒಂದು ಜ್ವರವೇ ಇರಬೇಕು. ಸೌಮ್ಯವಾದ ಮಾತುಗಳ ಒದ್ದೆಬಟ್ಟೆ ಹಾಕಿದಾಗ ಇಳಿದಂತೆ ಕಾಣುತ್ತದೆ, ಬಟ್ಟೆ ತೆಗೆದರೆ ಮತ್ತೆ ಏರುತ್ತದೆ.

ನೀಲವ್ವನವರು ಇಂಡಿ ತಾಲೂಕಿನ ಅಗರಖೇಡದವರು. ಲಿಂಬೆಯ ತೋಟದ ಮನೆ, ತುಂಬಿದ ಕೈ, ಇಳಕಲ್ಲ ಸೀರೆಯ ಸೆರಗು ತಲೆಯಿಂದ ಜಾರದ ಹೆಣ್ಣುಮಗಳು. ಹೊರಡುವ ಹಿಂದಿನ ಸಂಜೆ ಒಂದು ಚೀಲ ಲಿಂಬೆಹಣ್ಣಿನೊಡನೆ ಸಿಂದಗಿಗೆ ನಮ್ಮ ಮನೆಗೆ ಬಂದು ಇಳಿದರು. ಊಟಕ್ಕೆ ಶೇಂಗಾ ಹೋಳಿಗೆ ಮಾಡಿದ್ದೆ. "ಬ್ಯಾಡ್ರಿ ಬೀಗರ, ಹಾದ್ಯಾಗ ತಿಂದು ಬಂದೇನಿ" ಎಂದರು. "ಒಂದ ತಗೋರಿ" ಎಂದೆ. "ಹೊಟ್ಟ್ಯಾಗ ಜಾಗಾನs ಇಲ್ರಿ" ಎಂದರು. "ನಾ ಮಾಡಿದ್ದು ಸೇರೂದಿಲ್ಲ ಅನ್ರಿ ಹಂಗಾರ" ಎಂದೆ. ಆಗ ಅವರು ಬೇಡ ಬೇಡ ಎನ್ನುತ್ತಲೇ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಆಮೇಲೆ ತಿಂದ ಹೋಳಿಗೆಗಳನ್ನು ಎಣಿಸುವುದು ಮರ್ಯಾದೆಯಲ್ಲ.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಕೇಳಿದ ಕೂಡಲೆ ಹೂಂ ಎನ್ನುವವರನ್ನು ಹಸಿದುಬಂದವರು ಎಂದು ತಿಳಿಯುತ್ತಾರೆ. ಮೊದಲನೆಯ ಬೇಡ ಸಂಸ್ಕಾರಕ್ಕೆ. ಎರಡನೆಯದು ಕೇಳಿದವರ ಮನಸ್ಸು ಎಷ್ಟು ಗಟ್ಟಿ ಎಂದು ನೋಡುವುದಕ್ಕೆ. ಮೂರನೆಯದನ್ನು ತಟ್ಟೆ ಸರಿಸುತ್ತಲೇ ಅನ್ನಬೇಕು. ಬಡಿಸುವವರ ವಿಧಾನಗಳಲ್ಲಿ ಮಾತ್ರ ಊರಿಂದೂರಿಗೆ ಭೇದವಿದೆ. ಮುದ್ದೇಬಿಹಾಳದಲ್ಲಿ ನಾನಿದ್ದಾಗ ಆಣೆ ಹಾಕಿ ಬಡಿಸುವವರನ್ನು ಕಂಡೆ. ಬಾಗೇವಾಡಿಯಲ್ಲಿ ಮಾತೇ ಇಲ್ಲ, ಅಡ್ಡ ಹಿಡಿದ ಕೈಯ ಬೆರಳ ಸಂದಿಯಿಂದಲೇ ತುಪ್ಪ ಇಳಿಯುತ್ತಿತ್ತು. ಇಂಡಿಯ ಕಡೆಯವರು ಮುನಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿ ಗೆಲ್ಲುತ್ತಾರೆ. ಸಿಂದಗಿಯಲ್ಲಿ ನೆಲೆಸಿದ ಮೇಲೆ ನಾನು ಮೂರನ್ನೂ ಸಮಯ ನೋಡಿ ಪ್ರಯೋಗಿಸುತ್ತೇನೆ. ಇಷ್ಟೂ ಊರುಗಳಲ್ಲಿ, ಒಂದು ಸಲ ಬೇಡವೆಂದದ್ದಕ್ಕೆ ತಟ್ಟೆಯನ್ನು ಎತ್ತಿಕೊಂಡು ಹೋದವರನ್ನು ಮಾತ್ರ ನಾನು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಕಲಬುರಗಿ, ಹುಮನಾಬಾದಗಳನ್ನು ದಾಟಿ ಹೈದರಾಬಾದಿನ ದಾರಿ ಹಿಡಿದೆವು. ದಾರಿಯಲ್ಲಿ ಒಂದು ಕಡೆ ಚಹಾ ಕುಡಿದದ್ದು ಬಿಟ್ಟರೆ ಎಲ್ಲಿಯೂ ನಿಲ್ಲಲು ನಾನು ಬಿಡಲಿಲ್ಲ. ಬುತ್ತಿ ಬಿಚ್ಚೋಣವೇ ಎಂದು ನೀಲವ್ವನವರು ಕೇಳಿದಾಗ, ಮೊದಲು ಮುಟ್ಟೋಣ, ಆಮೇಲೆ ಉಣ್ಣೋಣ ಎಂದೆ. ಹೀಗೆ ವಿಮಾನ ನಿಲ್ದಾಣವನ್ನು ತಲುಪಿದಾಗ ನಮ್ಮ ವಿಮಾನ ಇನ್ನೂ ಯಾವ ಊರಿನಲ್ಲಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಸಾಮಾನು ಒಪ್ಪಿಸುವ ಕಟ್ಟೆಯಲ್ಲಿ ನೀಲವ್ವನವರ ಚೀಲಕ್ಕೆ ಕೆಂಪು ಪಟ್ಟಿ ಕಟ್ಟಿದರು, ದಿಲ್ಲಿಯಲ್ಲಿ ಅದು ಮೊದಲು ಬರುವುದಂತೆ. ನನ್ನದಕ್ಕೆ ಕಟ್ಟಲಿಲ್ಲ. ಪಟ್ಟಿಯ ಮೇಲೆ ನಾನು ಕಣ್ಣಿಟ್ಟಿದ್ದರಿಂದಲೋ ಏನೋ, ಒಂದು ಸಂಗತಿ ಗಮನಕ್ಕೆ ಬರಲಿಲ್ಲ. ಸಾಮಾನು ಕಟ್ಟುವಾಗ ನಾನು ಬಟ್ಟೆಗೆ ಬಟ್ಟೆ, ಔಷಧಕ್ಕೆ ಔಷಧ, ತಿನಿಸಿಗೆ ತಿನಿಸು ಎಂದು ವಿಂಗಡಿಸುವವಳು. ಆ ಶಿಸ್ತಿನ ಪ್ರಕಾರ ರೊಟ್ಟಿ, ಚಟ್ನಿ, ಮೊಸರಿನ ಬುತ್ತಿಯು ಅಂಟಿನುಂಡಿಯ ಡಬ್ಬಿಯ ಪಕ್ಕದಲ್ಲಿ, ತಿನಿಸಿನ ಚೀಲದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಆ ಚೀಲವು ಅಚ್ಚುಕಟ್ಟಾಗಿ ಸಾಮಾನು ಸಾಗಿಸುವ ಪಟ್ಟೆಯ ಮೇಲೇರಿ, ರಬ್ಬರಿನ ಪರದೆ ಸರಿಸಿಕೊಂಡು ಒಳಗೆ ಹೋಯಿತು.

"ಬುತ್ತಿ ಹೋತಲ್ರಿ" ಎಂದರು ನೀಲವ್ವನವರು.

"ದಿಲ್ಲ್ಯಾಗ ಸಿಗತೈತ್ರಿ" ಎಂದೆ.

ಕಟ್ಟೆಯವರು ಆಗಲೇ ಹೇಳಿದರು, ದೊಡ್ಡ ಸೀಟಿನವರಿಗೆ ಲಾಂಜಿದೆ, ಅವರು ತಮ್ಮ ಜೊತೆ ಒಬ್ಬ ಅತಿಥಿಯನ್ನು ಕರೆದುಕೊಂಡು ಹೋಗಬಹುದು ಎಂದು. ಹಿಂದಿ ಬರುವವಳು ನಾನಾದ್ದರಿಂದ ಇದನ್ನು ನಾನೇ ಕೇಳಿಸಿಕೊಂಡು, ನಾನೇ ಕನ್ನಡಕ್ಕೆ ತಿರುಗಿಸಿ, ನನ್ನನ್ನು ಅತಿಥಿಯೆಂದು ನಾನೇ ಅವರಿಗೆ ಪರಿಚಯಿಸಿಕೊಳ್ಳಬೇಕಾಯಿತು. ಲಾಂಜಿನ ಬಾಗಿಲಲ್ಲಿ ಕಪ್ಪು ಕೋಟಿನ ಹುಡುಗಿ ಅವರಿಗೆ ನಮಸ್ಕಾರ ಮಾಡಿ, ನನ್ನ ಕಡೆ ನೋಡಿ, ಇವರು ಮೇಡಮ್ ಜೊತೆಗಿನವರೇ ಎಂದಳು. ವಾರ್ಡಿನಲ್ಲಿ ರೋಗಿಯ ಜೊತೆಗೆ ಬಂದವರನ್ನು ನಾನು ಇದೇ ದನಿಯಲ್ಲಿ ವಿಚಾರಿಸುತ್ತಿದ್ದೆ.

ಮೆತ್ತನೆಯ ಜಮಖಾನೆ ಕಂಡ ಕೂಡಲೆ ನೀಲವ್ವನವರು ಚಪ್ಪಲಿ ಬಿಡಲು ಬಗ್ಗಿದರು. ಬೇಡವೆಂದು ತಡೆದೆ. ತಡೆದದ್ದರಲ್ಲಿ ನನಗೆ ಆದ ಸಣ್ಣ ತೃಪ್ತಿಯನ್ನು ನಾನು ಮುಚ್ಚಿಡುವುದಿಲ್ಲ. ಆ ದಿನ ನನಗೆ ಸಿಕ್ಕ ತೃಪ್ತಿಗಳು ಕಡಿಮೆ.

ಒಳಗೆ ಹೋಗಿ ಎರಡು ಕುರ್ಚಿಗಳಲ್ಲಿ ಕೂತೆವು. ಕುರ್ಚಿ ಎನ್ನುವುದು ಸರಳವಾಯಿತು. ಅದು ನಮ್ಮನ್ನು ನಿಧಾನವಾಗಿ ಒಳಗೆ ಎಳೆದುಕೊಂಡಿತು. ಎದುರಿಗೆ ಗಾಜಿನಾಚೆ ವಿಮಾನಗಳು, ಬದಿಗೆ ಉದ್ದನೆಯ ಮೇಜಿನ ಮೇಲೆ ಇಡ್ಲಿ, ಉಪ್ಪಿಟ್ಟು, ಅನ್ನ, ಪಲ್ಯ, ಹೋಳು ಮಾಡಿದ ಹಣ್ಣು, ಕೇಕು, ಮೊಸರು, ಏನೇನೋ ಪಾನಕ. ಹಸಿವೆ ಬೆಳಗಿನಿಂದ ನಮ್ಮ ಜೊತೆಗೇ ಪ್ರಯಾಣ ಮಾಡಿತ್ತು. ಕಪ್ಪು ಕೋಟಿನ ಇನ್ನೊಬ್ಬ ಹುಡುಗಿ ಬಂದು ಬಾಗಿ, ಚಹಾ ಕಾಫಿ ಏನಾದರೂ ತರಲೇ, ಊಟ ಮಾಡುವಿರಾ ಎಂದು ಹಿಂದಿಯಲ್ಲಿ ಕೇಳಿದಳು. ನಾನು ಇಬ್ಬರ ಪರವಾಗಿಯೂ ಮುಗುಳ್ನಕ್ಕು, ಬೇಡಮ್ಮ, ಈಗಷ್ಟೇ ಆಯಿತು ಎಂದೆ. ಅವಳೂ ಮುಗುಳ್ನಕ್ಕು ಹೊರಟುಹೋದಳು.

ನೀಲವ್ವನವರು ಅವಳ ಬೆನ್ನನ್ನೇ ನೋಡಿದರು. "ಹೋಗೇಬಿಟ್ಟಳಲ್ರಿ."

"ಬರ್ತಾಳ್ರಿ. ಇನ್ನೂ ಕೇಳೂದೈತಲ್ಲ."

ಅವಳು ಬರಲಿಲ್ಲ. ಬೇರೆ ಮೇಜುಗಳ ಕಡೆ ಹೋದಳು, ಬಂದಳು, ನಮ್ಮ ಮುಂದೆಯೇ ಹಾದುಹೋದಳು. ಹಾದುಹೋಗುವಾಗ ಮುಗುಳ್ನಗುವನ್ನೂ ಮರೆಯಲಿಲ್ಲ. ಎರಡನೆಯ ಸಲ ಕೇಳಲಿಲ್ಲ, ಅಷ್ಟೇ. ಅವಳದು ತಪ್ಪಲ್ಲ. ನಾನು ಬೇಡವೆಂದೆ, ಅವಳು ಬೇಡವೆಂದು ತಿಳಿದಳು. ಆಡಿದ ಮಾತಿಗೆ ಆಡಿದಷ್ಟೇ ಅರ್ಥ ಕೊಡುವ ಜನರ ನಡುವೆ ನಾವು ಬಂದು ಕೂತಿದ್ದೆವು.

ಹೋಗಿ ಬಡಿಸಿಕೊಳ್ಳಬಹುದಿತ್ತು ಎನ್ನುವಿರಿ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಕಿವಿಯಲ್ಲಿ ಏನನ್ನೋ ಸಿಕ್ಕಿಸಿಕೊಂಡ ಹೆಣ್ಣುಮಗಳೊಬ್ಬಳು ತಾನೇ ತಟ್ಟೆ ತುಂಬಿಕೊಂಡು, ಯಾರನ್ನೂ ನೋಡದೆ ತಿಂದು, ಯಾರಿಗೂ ಹೇಳದೆ ಎದ್ದುಹೋದಳು. ಸೂಟು ಹಾಕಿದವನೊಬ್ಬ ಗೋಪುರದಷ್ಟು ಹೇರಿಕೊಂಡು ಅರ್ಧ ಬಿಟ್ಟ. ನಮಗೆ ಅಡ್ಡಬಂದದ್ದು ನಮ್ಮ ಸಂಬಂಧ. ವಿಮಾನದವರ ದೃಷ್ಟಿಯಲ್ಲಿ ನೀಲವ್ವನವರು ಯಜಮಾನಿ, ನಾನು ಅತಿಥಿ. ಯಜಮಾನಿ ಏಳಿರಿ ಎನ್ನುವ ಮೊದಲು ಅತಿಥಿ ಎದ್ದುಹೋಗಿ ಬಡಿಸಿಕೊಂಡರೆ ಚಂದವೇ? ಆದರೆ ಮದುವೆಯ ದೃಷ್ಟಿಯಲ್ಲಿ ಅವರು ಗಂಡಿನ ತಾಯಿ, ನಾನು ಹೆಣ್ಣು ಕೊಟ್ಟವಳು. ಜನ್ಮವಿಡೀ ಬಡಿಸಬೇಕಾದವಳು ನಾನು, ಬಡಿಸಿಕೊಳ್ಳಬೇಕಾದವರು ಅವರು. ಹೀಗೆ ಅವರು ನನ್ನನ್ನು ನೋಡುತ್ತ, ನಾನು ಅವರನ್ನು ನೋಡುತ್ತ, ಇಬ್ಬರೂ ಇಡ್ಲಿಯ ಹಬೆಯನ್ನು ನೋಡುತ್ತ ಕೂತೆವು. ನಾನು ಏಳಬಹುದಿತ್ತು. ಏಳಲಿಲ್ಲ. ದೊಡ್ಡ ಸೀಟು ಅವರದು, ಕೆಂಪು ಪಟ್ಟಿ ಅವರದು, ಅವರೇ ಏಳಲಿ ಎಂದು ನನ್ನೊಳಗೆ ಕೂತವಳೊಬ್ಬಳು ಹಟ ಹಿಡಿದಿದ್ದಳು.

ಆ ಕೂತಿರುವಿಕೆಯಲ್ಲಿ ನನ್ನ ಮತ್ಸರ ಚೆನ್ನಾಗಿ ಮೇಯ್ದು ದಪ್ಪವಾಯಿತು. ಅವರ ಸೀಟು ಹಾಸಿಗೆಯಾಗುವುದಂತೆ. ನನ್ನದು ಕುರ್ಚಿಯಾಗಿದ್ದರೆ ಸಾಕು. ಅವರಿಗೆ ಬಿಸಿಯಾದ ಒದ್ದೆ ಟವೆಲು ಕೊಡುವರಂತೆ, ಮುಖ ಒರೆಸಿಕೊಳ್ಳಲು. ಜನ್ಮವಿಡೀ ಟವೆಲು ಕುದಿಸಿದವಳು ನಾನು. ಹೋಗಲಿ, ಸೀಟು ಹೋಗಲಿ, ಟವೆಲು ಹೋಗಲಿ. ದಿಲ್ಲಿಗೆ ಮುಟ್ಟಿದ ಮೇಲೆ ಏನು? ಮನೆ ಅವರ ಮಗನದು. ಕೂಸು ಅವರ ಮನೆತನದ್ದು. ಎಲ್ಲದರಲ್ಲಿ ಮುಂದಿನ ಸಾಲು ಹಿಡಿಯುವವರು ಬಚ್ಚಲಿನಲ್ಲಿ ಮಾತ್ರ ಹಿಂದೆ ನಿಲ್ಲುವರೇ? ನಾನು ಮತ್ತೆ ಟವೆಲು ಹಿಡಿದು ಬಾಗಿಲಲ್ಲಿ ನಿಲ್ಲುವವಳೇ ಆಗುವೆ ಎಂದು ಖಾತ್ರಿಯಾಗತೊಡಗಿತು.

ಕಡೆಗೆ ನೀಲವ್ವನವರು ಬಾಗಿ ಪಿಸುಗುಟ್ಟಿದರು. "ಬೀಗರ, ಇಲ್ಲಿ ಯಾರರೆ ಊಟಕ್ಕ ಏಳ್ರಿ ಅಂತಾರೇನ್ರಿ, ಇಲ್ಲಾ ಹಿಂಗ ಕೂತು ಎದ್ದು ಹೋಗೂದೇನ್ರಿ?"

ನನಗೆ ನಗು ಬಂತು. "ಯಾರೂ ಅನ್ನೂದಿಲ್ಲ ಕಾಣತೈತ್ರಿ."

"ಹಿಂಗ್ಯಾಂಗ್ರೀ ಇವರು? ಇಷ್ಟ ಮಾಡಿ ಇಟ್ಟಾರ, ಒಂದ ಮಾತ ಅನ್ನಾಕ ಏನಾಗೇತಿ?" ಎಂದು ಅವರು ಎರಡೂ ಕೈ ಊರಿ, ಆ ಕುರ್ಚಿಯಿಂದ ಬಿಡಿಸಿಕೊಂಡು, ನೋಯುವ ಮೊಣಕಾಲಿನ ಮೇಲೆ ಎದ್ದರು. ಮೇಜಿನ ಉದ್ದಕ್ಕೂ ಹೋಗಿ, ಎರಡು ತಟ್ಟೆ ತುಂಬಿಕೊಂಡು ಬಂದು ಒಂದನ್ನು ನನ್ನ ಮುಂದೆ ಹಿಡಿದರು. ಬೇಡವೆಂದೆ. ಇದು ಸಂಸ್ಕಾರದ ಬೇಡವಲ್ಲ, ನಿಜವಾದದ್ದು. ಅವರ ಟಿಕೆಟ್ಟಿನ ಅನ್ನ ನನಗೆ ಬೇಕಿರಲಿಲ್ಲ. ಮತ್ತೆ ಹಿಡಿದರು. ಮತ್ತೆ ಬೇಡವೆಂದೆ. ಆಗ ಅವರು ಇಂಡಿಯ ವಿಧಾನವನ್ನು ಬಿಟ್ಟು ಮುದ್ದೇಬಿಹಾಳದ ವಿಧಾನಕ್ಕೆ ಹೊರಳಿ, "ಹುಟ್ಟೂ ಕೂಸಿನ ಆಣಿ ಐತಿ ನಿಮಗ" ಎಂದರು. ಆಣೆಯ ಮುಂದೆ ಮೇಟ್ರನ್ ಏನು ಮಾಡಲಾದೀತು? ತಟ್ಟೆ ತೆಗೆದುಕೊಂಡೆ. ಇಡ್ಲಿ ತಣ್ಣಗಾಗಿತ್ತು. ಅಂಥ ರುಚಿಯಾದ ಇಡ್ಲಿಯನ್ನು ನಾನು ತಿಂದಿರಲಿಲ್ಲ.

ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಅವರು ತಟ್ಟೆಯ ಕಡೆ ನೋಡುತ್ತಲೇ ಹೇಳಿದರು. "ನಿಮಗೊಂದು ಹೇಳ್ತೇನ್ರಿ ಬೀಗರ. ಈ ತಿಕೀಟು ನನ್ನ ಮೊಣಕಾಲಿಗೆ ಕೊಡಿಸಿದ್ದಲ್ಲ. ನನ್ನ ಬಾಯಿ ಮುಚ್ಚಾಕ ಮಗ ಕೊಡಿಸ್ಯಾನ."

"ಯಾಕ್ರಿ?"

"ಕೂಸಿಗೆ ನಾ ಎರಿತೇನಿ ಅಂದೆ. ‘ಎವ್ವಾ, ಸುಜಾತಾನ ಅವ್ವಾರು ನರ್ಸ್ ಅದಾರ, ಎಲ್ಲಾ ಅವರು ನೋಡ್ಕೋತಾರ, ನೀ ಎಣ್ಣಿ ಗಿಣ್ಣಿ ಅಂತ ನಡುವ ಹೋಗಬ್ಯಾಡ. ಆರಾಮ ಬಾ, ಕೂಸಿನ ಮಾರಿ ನೋಡು, ದಿಲ್ಲಿ ನೋಡು’ ಅಂದ. ನಾ ಫೋನಿನ್ಯಾಗನs ಅತ್ತುಬಿಟ್ಟೆ. ಮರುದಿನ ಈ ದೊಡ್ಡ ಸೀಟು ಮಾಡ್ಯಾನ." ಸೆರಗಿನಿಂದ ಬಾಯಿ ಒರೆಸಿಕೊಂಡು ಮುಂದುವರಿಸಿದರು. "ಅವನಿಗೆ ಎರದಾಕಿ ಯಾರ್ರಿ? ಅಗರಖೇಡದಾಗ ಯಾರ ಮನ್ಯಾಗ ಕೂಸು ಹುಟ್ಟಲಿ, ನೀಲವ್ವನ್ನ ಕರೀರಿ ಅಂತಾರ. ನನ್ನ ಮಗನ ಕೂಸಿಗೆ ನಾ ಬ್ಯಾಡಾದೆ. ನಿಮ್ಮನ್ನ ಕಂಡ್ರ ಹೊಟ್ಟಿ ಉರೀತೈತ್ರಿ ನನಗ. ಸುಳ್ಳ್ಯಾಕ ಹೇಳ್ಲಿ."

ನೋಡಿ, ಇದು ಅನ್ಯಾಯ. ಸಿಂದಗಿಯಿಂದ ಇಲ್ಲಿಯವರೆಗೆ ನಾನು ಜೋಪಾನವಾಗಿ ಹೊತ್ತುತಂದ ಮಾತನ್ನು ಅವರು ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲಿ ಸಲೀಸಾಗಿ ಇಟ್ಟುಬಿಟ್ಟರು. ಹೊಟ್ಟೆ ಉರಿಯುತ್ತದೆ ಎಂದು ಹೇಳಲೂ ಅವರಿಗೆ ಬರುತ್ತಿತ್ತು. ನನಗೆ ಅದೂ ಬರಲಿಲ್ಲ. ಅವರ ಸೀಟಿಗಿಂತ, ಟವೆಲಿಗಿಂತ, ಆ ಕ್ಷಣದಲ್ಲಿ ನಾನು ಹೆಚ್ಚು ಆಸೆಪಟ್ಟದ್ದು ಅವರ ಆ ಬಾಯಿಗೆ. ನಾನು ಅವರ ದೊಡ್ಡ ಸೀಟನ್ನು ನೆನೆದು ಬೆಂದೆ. ಅವರು ಅದೇ ಸೀಟಿನ ಟಿಕೆಟ್ ಇಟ್ಟುಕೊಂಡು ನನ್ನ ಕೈಗಳನ್ನು ನೋಡಿ ಬೇಯುತ್ತಿದ್ದರು. ಒಬ್ಬರು ಸಮಾಧಾನಕ್ಕೆಂದು ಪಡೆದದ್ದನ್ನು ಇನ್ನೊಬ್ಬರು ಸೌಭಾಗ್ಯವೆಂದು ತಿಳಿಯುವುದು ಲೋಕದಲ್ಲಿ ಎಷ್ಟು ಕಡೆ ನಡೆಯುತ್ತಿದೆಯೋ. ಬಸ್ ನಿಲ್ದಾಣದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತವರನ್ನು ನಾವು ಯಾವತ್ತೂ ವಿಚಾರಿಸಿಲ್ಲ.

ನನ್ನ ನಾಲಿಗೆ ನನ್ನ ಅಪ್ಪಣೆಗೆ ಕಾಯಲಿಲ್ಲ. "ಕೂಸಿಗೆ ಮೊದಲ ನೀರು ನೀವs ಹಾಕ್ರಿ" ಎಂದುಬಿಟ್ಟಿತು.

"ಛೇ, ಬ್ಯಾಡ್ರಿ ಬೀಗರ. ಚೊಚ್ಚಲ ಬಾಣತನ ತವರಮನ್ಯಾರದು. ಅದು ನಿಮ್ಮದು."

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಎದ್ದು ಹೋಗಿ ಒಂದು ತುಂಡು ಕೇಕು ಹಾಕಿಸಿಕೊಳ್ಳಬೇಕೆನಿಸಿತು. ಕೇಳಿದೆ, ಬೇಡವೆಂದರು, ಮುಗಿಯಿತು. ಕಪ್ಪು ಕೋಟಿನ ಹುಡುಗಿಯ ಪದ್ಧತಿಯಲ್ಲಿ ಎಂಥ ಅನುಕೂಲವಿದೆ ಎಂದು ಆಗ ತಿಳಿಯಿತು. ಒಂದೇ ಸಲ ಕೇಳುವವರ ಲೋಕದಲ್ಲಿ ಔದಾರ್ಯ ತೋರಿಸುವುದು ಅಗ್ಗ. ತೋರಿಸಿದ್ದೂ ಆಗುತ್ತದೆ, ಕೊಡಬೇಕಾದದ್ದೂ ಕೈಯಲ್ಲೇ ಉಳಿಯುತ್ತದೆ. ನಾನು ಮುಗುಳ್ನಕ್ಕೆ. ಆ ಹುಡುಗಿ ನಕ್ಕಂತೆಯೇ ನಕ್ಕಿರಬೇಕು.

ಅಷ್ಟರಲ್ಲಿ ನಮ್ಮ ವಿಮಾನವನ್ನು ಕರೆದರು. ದೊಡ್ಡ ಸೀಟಿನವರನ್ನು ಮೊದಲು ಬಿಡುತ್ತಾರೆ. ನೀಲವ್ವನವರು ಹಿಂದೆ ತಿರುಗಿ ತಿರುಗಿ ನೋಡುತ್ತ ಕುಂಟುತ್ತ ಒಳಗೆ ಹೋದರು. ನಾನು ನನ್ನ ಸಾಲಿನಲ್ಲಿ ನಿಂತೆ. ಸಾಲು ಉದ್ದವಿತ್ತು, ಯೋಚನೆಗೆ ಅವಕಾಶವಾಯಿತು. ಅವರು ಬೇಡವೆಂದದ್ದು ಯಾವ ಬೇಡ ಎಂದು ನನಗೆ ಗೊತ್ತಿರಲಿಲ್ಲವೇ? ಹಿಂದಿನ ರಾತ್ರಿ ಹೋಳಿಗೆಯ ಮುಂದೆ ಅದೇ ದನಿಯಲ್ಲಿ ಅಂದದ್ದನ್ನು ಕೇಳಿದವಳು ನಾನು. ಆ ಹುಡುಗಿಗೆ ನಮ್ಮ ಬೇಡದ ಅರ್ಥ ಗೊತ್ತಿರಲಿಲ್ಲ, ಹೊರಟುಹೋದಳು. ಗೊತ್ತಿದ್ದೂ ನಾನು ಹೊರಟುಹೋದರೆ?

ವಿಮಾನದೊಳಗೆ ಕಾಲಿಟ್ಟಾಗ ಅವರು ಮೊದಲ ಸಾಲಿನಲ್ಲಿ ಕೂತಿದ್ದರು. ಸೀಟು ಅಷ್ಟು ದೊಡ್ಡದು, ಅವರು ಅಷ್ಟು ಚಿಕ್ಕವರು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕೈಯಲ್ಲಿ ಏನೋ ಪಾನಕದ ಗಾಜಿನ ಲೋಟ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದರು.

"ಹಿಂದ ನಿಮ್ಮ ಬಾಜೂಕ ಜಾಗಾ ಐತೇನ್ರಿ?" ಎಂದರು. "ಇಲ್ಲಿ ಮಾತಾಡಾಕ ಯಾರೂ ಇಲ್ಲ."

ನನ್ನ ಹಿಂದೆ ಜನ ಒತ್ತುತ್ತಿದ್ದರು. ಶಿಸ್ತಿನವಳಾದ ನಾನು ದಾರಿಯಲ್ಲಿ ಅಡ್ಡ ನಿಂತೆ. "ಬೀಗರ, ಮೊದಲ ನೀರು ನೀವs ಹಾಕ್ರಿ."

"ಬ್ಯಾಡ ಅಂದೆನಲ್ರಿ" ಎಂದರು. ಆದರೆ ನನ್ನ ಮುಖವನ್ನೇ ನೋಡುತ್ತ ಅಂದರು.

ಹಿಂದಿನವರು ತಳ್ಳಿದ್ದರಿಂದ ಮುಂದೆ ಸರಿದೆ. ನನ್ನ ಕಿಟಕಿಯ ಪಕ್ಕದಲ್ಲಿ ಮೊಣಕಾಲುಗಳನ್ನು ಮಡಚಿ ಕೂತು ದಿಲ್ಲಿಯವರೆಗೂ ನನ್ನೊಡನೆ ನಾನೇ ಜಗಳವಾಡಿದೆ. ಎರಡು ಸಲ ಕೇಳಿದ್ದಾಯಿತು, ಇನ್ನು ಮರ್ಯಾದೆಗೆ ಕೊರತೆಯಿಲ್ಲ ಎಂದು ಒಬ್ಬಳು. ಎರಡಕ್ಕೆ ಬಿಡುವವರನ್ನು ನಮ್ಮ ಕಡೆ ಏನೆನ್ನುತ್ತಾರೆ ಎಂದು ಇನ್ನೊಬ್ಬಳು. ಮುಂದಿನ ಪರದೆ ಎಳೆದಿದ್ದರು. ಅದರಾಚೆ ಅವರು ಹಾಸಿಗೆ ಮಾಡಿಕೊಂಡು ಮಲಗಿದ್ದರೋ, ಲೋಟ ಹಿಡಿದುಕೊಂಡೇ ಕೂತಿದ್ದರೋ ತಿಳಿಯಲಿಲ್ಲ.

ದಿಲ್ಲಿಯಲ್ಲಿ ಸಾಮಾನಿನ ಪಟ್ಟೆಯ ಪಕ್ಕದಲ್ಲಿ, ಅವರ ಚೀಲ ಮೊದಲು ಬಂದು, ನನ್ನದು ಬರುವವರೆಗೂ ಅವರು ಕಾಯುತ್ತ ನಿಂತಿದ್ದಾಗ ಮೂರನೆಯ ಸಲ ಕೇಳಿದೆ. ನೀಲವ್ವನವರು ಸೆರಗು ಸರಿಪಡಿಸಿಕೊಂಡರು. "ಬ್ಯಾಡ್ರಿ" ಎಂದರು. "ಆದರ ನೀವು ಇಷ್ಟ ಅಂದಮ್ಯಾಗ ಒಲ್ಲೆ ಅಂದ್ರ ಛಲೋ ಕಾಣೂದಿಲ್ಲ. ಎಣ್ಣಿ ಯಾವುದು ತಂದೀರಿ?"

ಮುಂದೆ ಹೆಚ್ಚು ಹೇಳುವುದಕ್ಕಿಲ್ಲ. ಹೆಣ್ಣುಕೂಸು ಹುಟ್ಟಿತು. ಹೆರಿಗೆ ಕೋಣೆಯ ಬಾಗಿಲಲ್ಲಿ ಯಾರೋ ಅಪರಿಚಿತ ನರ್ಸು ಅದನ್ನು ನನ್ನ ಕೈಗೆ ಕೊಟ್ಟಳು; ಕೊಟ್ಟ ಕೂಡಲೆ ಅವಳು ನನಗೆ ಕಾಣದವಳಾದಳು. ಮನೆಗೆ ಬಂದ ಮೇಲೆ, ಡಾಕ್ಟರು ಒಪ್ಪಿದ ದಿನ, ಬಚ್ಚಲಲ್ಲಿ ಮಣೆ ಹಾಕಿದೆವು. ನೀಲವ್ವನವರನ್ನು ರಟ್ಟೆ ಹಿಡಿದು ಕೂಡಿಸಬೇಕಾಯಿತು, ಮೊಣಕಾಲು ನಿಜವಾಗಿಯೂ ನೋಯುತ್ತಿದ್ದವು. ಅವರು ಕಾಲು ಚಾಚಿದರು. ನಾನು ಮೊಣಕೈ ಅದ್ದಿ ನೀರಿನ ಬಿಸಿ ನೋಡಿದೆ, ಕೂಸನ್ನು ಬಟ್ಟೆಯಿಂದ ಬಿಚ್ಚಿದೆ, ಬಾಗಿ, ಇನ್ನೊಬ್ಬ ಅಜ್ಜಿಯ ಕಾಲ ಮೇಲೆ ಮಲಗಿಸಿದೆ. ಆ ಕೆಲಸ ನನ್ನ ಕೈಗಳಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ತಂಬಿಗೆ ಹಿಡಿದು ನೀರು ಹಾಕುತ್ತ ಹೋದೆ. ಅವರು ಎಣ್ಣೆಯ ಕೈಯಿಂದ ಆ ಪುಟ್ಟ ಬೆನ್ನನ್ನು ತಿಕ್ಕಿ, ಮೂಗನ್ನು ನೀವಿ, ಕಾಲನ್ನು ಮಡಚಿ ಬಿಡಿಸಿ, ಏನೋ ಗುನುಗಿದರು.

ಮೊದಲ ನೀರಿಗೆ ಎಲ್ಲ ಕೂಸುಗಳೂ ಅಳುತ್ತವೆ. ಇದು ಅಳಲಿಲ್ಲ. ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತ ಸುಮ್ಮನೆ ಮಲಗಿತ್ತು.

ಸ್ವಲ್ಪವಾದರೂ ಅಳಬಹುದಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.